ಅದೇ 2 ಗಂಟೆ 44 ನಿಮಿಷ

ಭಾನುವಾರ ಸಂಜೆಯ ಯುವಜನರ ಆರಾಧನೆಯಲ್ಲಿ ಕೊಟ್ಟ ಸಂದೇಶ
ವಾಕ್ಯಭಾಗ: 2 ಸಮುವೇಲ 5:17-25

ಎಲ್ಲರೂ ಕುಳಿತುಕೊಳ್ಳಿ. ಹಿಂದೆ ನಿಂತಿರೋರು ಮುಂದೆ ಬನ್ನಿ, ಎಡಗಡೆ ನಾಲ್ಕೈದು ಕುರ್ಚಿ ಖಾಲಿ ಇವೆ.

ಬೈಬಲ್ ತಂದವರು, ಫೋನ್‌ನಲ್ಲಿ ಓದುವವರು, 2 ಸಮುವೇಲ 5ನೇ ಅಧ್ಯಾಯ ತೆಗೆದಿಟ್ಟುಕೊಳ್ಳಿ. ಸ್ವಲ್ಪ ಹೊತ್ತಿನಲ್ಲಿ ಅಲ್ಲಿಗೆ ಬರ್ತೀನಿ.

ಈ ವಾರ ಪ್ರಾರ್ಥನಾ ಪೆಟ್ಟಿಗೆಯ ಚೀಟಿಗಳನ್ನೆಲ್ಲಾ ಕೂತು ಓದಿದೆ. ಹೆಸರು ಹೇಳಲ್ಲ, ಭಯ ಪಡಬೇಡಿ. ಒಬ್ಬರಿಗೆ ಕೆಲಸ ಬೇಕು. ಒಬ್ಬರಿಗೆ ವೀಸಾ ಬೇಕು. ಒಬ್ಬರು ಮೂರನೇ ಸಲ ಪರೀಕ್ಷೆ ಬರೀತಿದ್ದಾರೆ. ಒಬ್ಬ ತಂಗಿ, ಮನೆಯಲ್ಲಿ ಅಪ್ಪ ಕುಡಿಯೋದು ಬಿಡಬೇಕು ಅಂತ ಬರೆದಿದ್ದಾಳೆ. ವಿಷಯ ಬೇರೆ ಬೇರೆ, ಆದರೆ ಬಹಳ ಚೀಟಿಗಳಲ್ಲಿ ಒಂದೇ ಪದ ಇತ್ತು. ಯಾವುದು ಹೇಳಿ? ಹೌದು, ಬ್ರೇಕ್‌ಥ್ರೂ. "ಪಾಸ್ಟರ್, ನನ್ನ ಬ್ರೇಕ್‌ಥ್ರೂಗಾಗಿ ಪ್ರಾರ್ಥಿಸಿ."

ಈ ಪದವನ್ನು ನಿಮಗೆ ಕಲಿಸಿದವರು ನಾವೇ. ನಮ್ಮ ಹಾಡುಗಳಲ್ಲಿ ಇದೆ, ಪೋಸ್ಟರ್‌ನಲ್ಲಿ ಇದೆ, ಉಪವಾಸ ಕೂಟದ ಬ್ಯಾನರ್ ಮೇಲೂ ಇದೆ. ಆದರೆ ಅದರ ಅರ್ಥ ನಾವು ನಿಮಗೆ ಸರಿಯಾಗಿ ಹೇಳಿದ್ದೇವಾ? ಇವತ್ತು ನನ್ನ ಹೃದಯದ ಮೇಲೆ ಇರುವ ಭಾರ ಅದೇ. ಈ ಸಂದೇಶದಲ್ಲಿ ನಾನು ಒಂದು ತಪ್ಪೊಪ್ಪಿಗೆಯನ್ನೂ ಮಾಡಬೇಕಿದೆ. ಅದಕ್ಕೆ ಮುಂಚೆ ಒಬ್ಬ ಓಟಗಾರ್ತಿಯ ಕಥೆ ಹೇಳ್ತೀನಿ.

ಕಾಲೇಜಿನ ಕೊನೆಯಲ್ಲಿ ಮುರಿದದ್ದು

ನಾನು ಡಿಗ್ರಿ ಓದುವಾಗ 5,000 ಮೀಟರ್ ಓಡ್ತಿದ್ದೆ ಅಂತ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಕಂಠೀರವ ಸ್ಟೇಡಿಯಂನಲ್ಲಿ ಹನ್ನೆರಡೂವರೆ ಸುತ್ತು. ಒಮ್ಮೆ ಏಳನೆಯವನಾಗಿ ಬಂದೆ. ಅದೇ ನನ್ನ ದೊಡ್ಡ ಸಾಧನೆ, ನಗಬೇಡಿ! ಈಗ ಈ ಹೊಟ್ಟೆ ನೋಡಿದರೆ ಯಾರೂ ನಂಬಲ್ಲ. ಆದರೆ ಓಟದ ಹುಚ್ಚು ಹೋಗಿಲ್ಲ. ದೊಡ್ಡ ಮ್ಯಾರಥಾನ್‌ಗಳನ್ನು ಈಗಲೂ ಕೂತು ನೋಡ್ತೀನಿ.

ಹಾಗೆ ನನಗೆ ಗೊತ್ತಾದವಳು ಸಾರಾ ಸೆಲ್ಲರ್ಸ್. ಅಮೆರಿಕಾದ ಯೂಟಾ ರಾಜ್ಯದವಳು. ಅಲ್ಲಿನ ವೀಬರ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ದೂರದ ಓಟಗಳ ಓಟಗಾರ್ತಿ. ಒಳ್ಳೆಯ ಓಟಗಾರ್ತಿಯೇ. ಆದರೆ ಕಾಲೇಜಿನ ಕೊನೆಯ ವರ್ಷದಲ್ಲಿ ಅವಳ ಪಾದದ ಒಂದು ಸಣ್ಣ ಮೂಳೆಯಲ್ಲಿ ಬಿರುಕು ಬಿತ್ತು. ನ್ಯಾವಿಕ್ಯುಲರ್ ಅಂತ ಅದರ ಹೆಸರು. ಇಲ್ಲಿ ಫಿಸಿಯೋ ಓದ್ತಿರೋರಿಗೆ ಗೊತ್ತಿರುತ್ತೆ, ಆ ಮೂಳೆಗೆ ರಕ್ತ ಹರಿಯುವುದೇ ಕಡಿಮೆ. ಹಾಗಾಗಿ ಬೇಗ ವಾಸಿಯಾಗಲ್ಲ. ಎಷ್ಟೋ ಓಟಗಾರರ ಓಟ ಅಲ್ಲಿಗೇ ನಿಂತಿದೆ.

ಕೊನೆಯ ವರ್ಷ ಅಂದರೆ ಏನು? ಆ ವರ್ಷಕ್ಕೆಂದೇ ಎಲ್ಲಾ ಕೂಡಿಸಿಟ್ಟುಕೊಂಡಿರ್ತೀವಿ. ಕ್ಯಾಂಪಸ್‌ಗೆ ಕಂಪನಿಗಳು ಬರುವ ವರ್ಷ. ಆ ವರ್ಷವೇ ಕಾಲು ಮುರಿದರೆ? ನಿಮ್ಮಲ್ಲಿ ಎಷ್ಟು ಜನರಿಗೆ ಹಾಗೆ ಆಗಿದೆ? ಎಲ್ಲರ ಹೆಸರು ನೋಟಿಸ್ ಬೋರ್ಡ್ ಮೇಲೆ, ನಿಮ್ಮದು ಮಾತ್ರ ಇಲ್ಲ. ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಎಲ್ಲರೂ ಕಂಗ್ರಾಟ್ಸ್ ಅಂತ ಬರೀತಿದ್ದಾರೆ, ನೀವೂ ಬರೆದು, ಫೋನ್ ಬೋರಲು ಹಾಕಿ ಮಲಗ್ತೀರಿ. ಗೊತ್ತು ನನಗೆ.

ಸಾರಾ ಪದವಿ ಮುಗಿಸಿದಳು. ಯಾವ ಶೂ ಕಂಪನಿಯೂ ಅವಳ ಕೈಗೆ ಒಪ್ಪಂದ ಕೊಡಲಿಲ್ಲ. ಅವಳು ಮುಂದೆ ಓದಿ ನರ್ಸ್ ಅನೆಸ್ತೆಟಿಸ್ಟ್ ಆದಳು. ಅಂದರೆ ಆಪರೇಷನ್ ಥಿಯೇಟರ್‌ನಲ್ಲಿ ರೋಗಿಗೆ ಅರಿವಳಿಕೆ ಕೊಟ್ಟು, ಆಪರೇಷನ್ ಮುಗಿಯುವವರೆಗೆ ಅವರ ಉಸಿರು, ನಾಡಿ, ರಕ್ತದೊತ್ತಡ ಕಾಯುವ ಕೆಲಸ. ಅರಿಜೋನಾದ ಟೂಸಾನ್ ಊರಿನ ಆಸ್ಪತ್ರೆಯಲ್ಲಿ ಪೂರ್ಣಾವಧಿ ಕೆಲಸ. ಓಡುವುದಾದರೆ ಯಾವಾಗ ಓಡಬೇಕು? ಡ್ಯೂಟಿಗೆ ಮುಂಚೆ ಬೆಳಗಿನ ಜಾವ 4 ಗಂಟೆಗೆ, ಇಲ್ಲಾ ಡ್ಯೂಟಿ ಮುಗಿದ ಮೇಲೆ ಸಂಜೆ 7ಕ್ಕೆ. ಚಪ್ಪಾಳೆ ಇಲ್ಲ, ಕ್ಯಾಮೆರಾ ಇಲ್ಲ.

ಆದರೆ ಒಬ್ಬರು ಇದ್ದರು. ಅವಳ ಕಾಲೇಜಿನ ಕೋಚ್, ಪಾಲ್ ಪಿಲ್ಕಿಂಗ್ಟನ್. ಕಾಲೇಜು ಮುಗಿದ ಮೇಲೂ ಅವಳಿಗೆ ತರಬೇತಿ ಹೇಳಿಕೊಟ್ಟವರು ಅವರೇ. ಈ ಮನುಷ್ಯನ ಕಥೆಯೂ ಕೇಳುವಂಥದ್ದು. ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. 1994ರ ಲಾಸ್ ಏಂಜಲೀಸ್ ಮ್ಯಾರಥಾನ್‌ಗೆ ಅವರನ್ನು ಕರೆಸಿದ್ದು ಗೆಲ್ಲೋಕಲ್ಲ, ಪೇಸ್‌ಮೇಕರ್ ಆಗಿ. ಪೇಸ್‌ಮೇಕರ್ ಅಂದರೆ ಮುಂದೆ ಓಡಿ ದೊಡ್ಡ ಓಟಗಾರರಿಗೆ ವೇಗ ಹಿಡಿದುಕೊಟ್ಟು, ಅರ್ಧ ದಾರಿ ದಾಟಿದ ಮೇಲೆ ಪಕ್ಕಕ್ಕೆ ಸರಿಯೋನು. ಕೂಲಿ ಕೊಡ್ತಾರೆ, ಅಷ್ಟೇ. ಆದರೆ ಅಂದು ಯಾರೂ ಅವರ ಬೆನ್ನು ಹತ್ತಲಿಲ್ಲ. ಪಿಲ್ಕಿಂಗ್ಟನ್ ನಿಲ್ಲಲಿಲ್ಲ, ಓಡುತ್ತಾ ಹೋದರು. ಆ ಮ್ಯಾರಥಾನ್ ಗೆದ್ದರು. ಎರಡನೆಯವನಾಗಿ ಬಂದ ಇಟಲಿಯ ಓಟಗಾರ, ಪೇಸ್‌ಮೇಕರ್ ಯಾವಾಗಲೋ ನಿಂತಿರ್ತಾನೆ, ತಾನೇ ಮೊದಲು ಅಂದುಕೊಂಡಿದ್ದ! ಇಂಥ ಮನುಷ್ಯ ಕೋಚ್ ಆಗಿದ್ದರೆ, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಶಿಷ್ಯೆಯನ್ನು ಬಿಟ್ಟುಕೊಡ್ತಾರಾ?

ಆ ಸೋಮವಾರ

2017ರ ಸೆಪ್ಟೆಂಬರ್‌ನಲ್ಲಿ ಸಾರಾ ತನ್ನ ಜೀವನದ ಮೊದಲ ಮ್ಯಾರಥಾನ್ ಓಡಿದಳು, ಯೂಟಾದ ಹಂಟ್ಸ್‌ವಿಲ್ ಎಂಬ ಸಣ್ಣ ಊರಲ್ಲಿ. 42.195 ಕಿಲೋಮೀಟರ್. ಸಮಯ 2 ಗಂಟೆ 44 ನಿಮಿಷ 27 ಸೆಕೆಂಡ್. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಬೇಕಾದರೆ ಬರೆದುಕೊಳ್ಳಿ. 2:44:27.

ಆಮೇಲೆ ಬೋಸ್ಟನ್. 2018ರ ಏಪ್ರಿಲ್ 16, ಸೋಮವಾರ. ಬೋಸ್ಟನ್ ಮ್ಯಾರಥಾನ್ 1897ರಿಂದ ನಡೆದುಕೊಂಡು ಬಂದಿದೆ, ಹಾಪ್ಕಿಂಟನ್‌ನಿಂದ ಹೊರಟು ಬೋಸ್ಟನ್ ನಗರದ ಬಾಯ್ಲ್‌ಸ್ಟನ್ ಸ್ಟ್ರೀಟ್‌ನಲ್ಲಿ ಮುಗಿಯುತ್ತೆ. ಅವಳ ತಮ್ಮನೂ ಓಡ್ತಿದ್ದ, ಅದಕ್ಕೆ ಅವಳೂ ಹೆಸರು ಕೊಟ್ಟಿದ್ದಳು. ದೊಡ್ಡ ಓಟಗಾರರನ್ನು ಸಂಘಟಕರೇ ಕರೆಸ್ತಾರೆ. ಇವಳು 180 ಡಾಲರ್ ಪ್ರವೇಶ ಶುಲ್ಕ ಕೈಯಿಂದ ಕಟ್ಟಿ ಬಂದವಳು.

ಆ ದಿನದ ಹವಾಮಾನ ಹೇಗಿತ್ತು ಅಂದರೆ, ಶೂನ್ಯಕ್ಕಿಂತ ಮೂರೋ ನಾಲ್ಕೋ ಡಿಗ್ರಿ ಹೆಚ್ಚು. ಸುರಿಯುವ ಮಳೆ. ಎದುರುಗಾಳಿ. ನಮ್ಮ ಬೆಂಗಳೂರಲ್ಲಿ ಡಿಸೆಂಬರ್ ಬೆಳಿಗ್ಗೆ 14 ಡಿಗ್ರಿ ಆದರೆ ನಾವು ಮಂಕಿ ಕ್ಯಾಪ್ ಹುಡುಕ್ತೀವಿ! ಆ ಚಳಿಯಲ್ಲಿ ನೆನೆದ ಬಟ್ಟೆಯಲ್ಲಿ ಎರಡೂವರೆ ಗಂಟೆಗೂ ಹೆಚ್ಚು ಓಡಬೇಕು. ಜಗತ್ತಿನ ಹೆಸರಾಂತ ಓಟಗಾರರು ಒಬ್ಬೊಬ್ಬರಾಗಿ ರಸ್ತೆ ಬಿಟ್ಟರು. ಕೈ ಮರಗಟ್ಟಿತ್ತು, ಮೈ ನಡುಗುತ್ತಿತ್ತು.

ಸಾರಾ ತನ್ನ ಪಾಡಿಗೆ ತಾನು ಓಡುತ್ತಿದ್ದಳು. ಕಿಲೋಮೀಟರಿಗೆ ನಾಲ್ಕು ನಿಮಿಷಕ್ಕಿಂತ ಸ್ವಲ್ಪ ಕಡಿಮೆ. ಮುಗಿಸಿದಳು. ಎಷ್ಟನೆಯವಳು ಅಂತ ಅವಳಿಗೇ ಗೊತ್ತಿಲ್ಲ. ಅಲ್ಲಿದ್ದ ಅಧಿಕಾರಿಯನ್ನು ಕೇಳಿದಾಗ, ಎರಡನೇ ಸ್ಥಾನ ಅಂದರು. ಅವಳು ನಂಬಲಿಲ್ಲ, ಎರಡನೇ ಸ್ಥಾನ ಯಾವುದರಲ್ಲಿ ಅಂತ ಮತ್ತೆ ವಿಚಾರಿಸಬೇಕಾಯಿತು. ಇಡೀ ಬೋಸ್ಟನ್ ಮ್ಯಾರಥಾನ್ ಮಹಿಳಾ ವಿಭಾಗದಲ್ಲಿ ಎರಡನೆಯವಳು! ಬಹುಮಾನ 75,000 ಡಾಲರ್. ಟಿವಿಯಲ್ಲಿ ವಿವರಣೆ ಕೊಡ್ತಿದ್ದವರಿಗೂ ಅವಳು ಯಾರು ಅಂತ ಗೊತ್ತಿರಲಿಲ್ಲ. ಆಸ್ಪತ್ರೆಯ ನರ್ಸ್ ಅಂತ ತಿಳಿದಾಗ ಎಲ್ಲರೂ ಬೆರಗಾದರು.

ಈಗ ನೀವು ಹಲ್ಲೆಲೂಯ ಅಂತೀರಿ, ನಾನೂ ಅಂತೀನಿ. ಬ್ರೇಕ್‌ಥ್ರೂ ಅಂದರೆ ಇದೇ ಅಲ್ವಾ ಪಾಸ್ಟರ್? ಹೌದು. ಆದರೆ ಅವಳ ಸಮಯ ಎಷ್ಟು ಗೊತ್ತಾ?

2 ಗಂಟೆ 44 ನಿಮಿಷ 4 ಸೆಕೆಂಡ್.

ಹಂಟ್ಸ್‌ವಿಲ್‌ನಲ್ಲಿ ಎಷ್ಟು? 2:44:27. ಬೋಸ್ಟನ್‌ನಲ್ಲಿ 2:44:04. ವ್ಯತ್ಯಾಸ 23 ಸೆಕೆಂಡ್! ಆ ಮಳೆಯಲ್ಲಿ ಅದೇ ಸಮಯಕ್ಕೆ ಹೆಚ್ಚು ಬೆಲೆ ಇದೆ, ಒಪ್ತೀನಿ. ಆದರೆ ಗಡಿಯಾರ ಹೇಳುವುದು ಏನು? ಅವಳಿಗೆ ರಾತ್ರೋರಾತ್ರಿ ರೆಕ್ಕೆ ಮೂಡಲಿಲ್ಲ. ಏಳು ತಿಂಗಳ ಹಿಂದೆ ಯಾರೂ ನೋಡದ ಊರಲ್ಲಿ ಯಾವ ಓಟ ಓಡಿದಳೋ, ಬಿರುಗಾಳಿಯಲ್ಲೂ ಅದೇ ಓಟ ಓಡಿದಳು.

ಗೆದ್ದವಳನ್ನು ನೋಡಿ, ಇದು ಇನ್ನೂ ಸ್ಪಷ್ಟವಾಗುತ್ತೆ. ಅಂದು ಮೊದಲು ಬಂದವಳು ಡೆಸ್ ಲಿಂಡೆನ್. ಅವಳೂ ಕಾಲೇಜು ತಂಡದಿಂದ ಬಂದವಳೇ, ಅರಿಜೋನಾ ಸ್ಟೇಟ್ ಯೂನಿವರ್ಸಿಟಿ. 2011ರಲ್ಲಿ ಇದೇ ಬೋಸ್ಟನ್‌ನಲ್ಲಿ ಅವಳು 2:22:38ರಲ್ಲಿ ಓಡಿ ಎರಡೇ ಎರಡು ಸೆಕೆಂಡಿನಲ್ಲಿ ಸೋತಳು. ಏಳು ವರ್ಷ ಕಳೆದು, 2018ರಲ್ಲಿ 2:39:54ರಲ್ಲಿ ಓಡಿ ಗೆದ್ದಳು. ಲೆಕ್ಕ ಹಾಕಿ. ಗೆದ್ದ ದಿನ ಅವಳು ಸೋತ ದಿನಕ್ಕಿಂತ 17 ನಿಮಿಷ ನಿಧಾನ! ಅಮೆರಿಕಾದ ಮಹಿಳೆಯೊಬ್ಬಳು ಬೋಸ್ಟನ್ ಗೆದ್ದು ಆಗ 33 ವರ್ಷ ಆಗಿತ್ತು.

ನಾವು ಏನಂತ ಪ್ರಾರ್ಥಿಸ್ತೀವಿ? "ಕರ್ತನೇ, ನನ್ನನ್ನು ಬೇರೆ ಮನುಷ್ಯನನ್ನಾಗಿ ಮಾಡು, ಈ ತಿಂಗಳೇ ಮಾಡು." ದೇವರು ಮಾಡಬಲ್ಲನು, ಸಂದೇಹ ಬೇಡ. ಆದರೆ ಬಹಳ ಸಲ ಆತನು ಏನು ಮಾಡ್ತಾನೆ? ಬೆಳಗಿನ ಜಾವ 4 ಗಂಟೆಗೆ ನಿನ್ನೊಳಗೆ ಒಂದು ನಡೆ ಕಟ್ಟುತ್ತಾನೆ. ಬಿಸಿಲಲ್ಲಿ ಅದು ಸಾಧಾರಣವಾಗಿ ಕಾಣುತ್ತೆ. ಮಳೆ ಬಂದ ದಿನ ಅದು ಏನಂತ ಜನಕ್ಕೆ ಗೊತ್ತಾಗುತ್ತೆ.

ಇಬ್ರಿಯರಿಗೆ ಬರೆದ ಪತ್ರಿಕೆ 12ರ ಆರಂಭದಲ್ಲಿ ಓಟದ ಮಾತು ಬರುತ್ತಲ್ಲ, ಅಲ್ಲಿ ನಮ್ಮಿಂದ ಕೇಳಿರುವುದು ತಾಳ್ಮೆ. ವೇಗ ಕೇಳಿಲ್ಲ. ಯೆಶಾಯ 40ರ ಕೊನೆಯ ವಚನದ ಕ್ರಮ ನೋಡಿ: ಮೊದಲು ಹಾರುವುದು, ಆಮೇಲೆ ಓಡುವುದು, ಕೊನೆಗೆ ನಡೆಯುವುದು. ನಾವಾಗಿದ್ದರೆ ತಿರುಗಿಸಿ ಬರೀತಿದ್ವಿ, ನಡೆದು, ಓಡಿ, ಹಾರಿದೆವು ಅಂತ. ದೇವರ ವಾಕ್ಯ ನಡಿಗೆಗೆ ಬಂದು ನಿಲ್ಲುತ್ತೆ. ಬಳಲದೆ ನಡೆಯೋಕೂ ಆತನ ಬಲವೇ ಬೇಕು. ಆಮೆನ್?

ಒಡೆದು ಹರಿಯುವ ಸ್ಥಳ

ಈಗ 2 ಸಮುವೇಲ 5ಕ್ಕೆ ಬನ್ನಿ. 20ನೇ ವಚನದಲ್ಲಿ ಒಂದು ಊರಿನ ಹೆಸರಿದೆ: ಬಾಳ್‌ಪೆರಾಚೀಮ್. ನೀರು ಒಡೆದು ನುಗ್ಗುವ ಹಾಗೆ ಕರ್ತನು ತನ್ನ ಶತ್ರುಗಳ ಮೇಲೆ ನುಗ್ಗಿದನು ಅಂತ ದಾವೀದ ಆ ಸ್ಥಳಕ್ಕೆ ಈ ಹೆಸರಿಟ್ಟ. ನಮ್ಮ ಬ್ರೇಕ್‌ಥ್ರೂ ಪದ ಹುಟ್ಟಿದ ಸ್ಥಳ ಅಂತಲೇ ಇದನ್ನು ಕರೀಬಹುದು.

ಈ ದಾವೀದ ಅಭಿಷೇಕ ಹೊಂದಿದ್ದು ಯಾವಾಗ? 1 ಸಮುವೇಲ 16ರಲ್ಲಿ, ಇನ್ನೂ ಕುರಿ ಕಾಯುವ ಹುಡುಗ ಆಗಿದ್ದಾಗ. ತಲೆಯ ಮೇಲೆ ಎಣ್ಣೆ ಹೊಯ್ದ ಮೇಲೆ ಎಲ್ಲಿಗೆ ಹೋದ? ವಾಪಸ್ ಕುರಿಗಳ ಹತ್ತಿರ. ಆಮೇಲೆ ಸೌಲನ ಈಟಿ, ಅದುಲ್ಲಾಮ್ ಗವಿ, ಅಡವಿ. ರಾಜನಾದಾಗ 30 ವರ್ಷ. ಅದೂ ಯೆಹೂದಕ್ಕೆ ಮಾತ್ರ. ಹೆಬ್ರೋನಿನಲ್ಲಿ ಇನ್ನೂ ಏಳೂವರೆ ವರ್ಷ. ಆಮೇಲೆ ಇಡೀ ಇಸ್ರಾಯೇಲಿಗೆ ರಾಜ. ಅದಾದ ಮೇಲೆ ಬಾಳ್‌ಪೆರಾಚೀಮ್.

ನಮ್ಮೂರ ಕಡೆ ಒಳ್ಳೆ ಮಳೆಗಾಲದಲ್ಲಿ ಕೆರೆ ಕೋಡಿ ಬೀಳುತ್ತೆ. ಕೋಡಿ ಬಿತ್ತು ಅಂದರೆ ಊರಿಗೆ ಊರೇ ನೋಡೋಕೆ ಬರುತ್ತೆ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬರ್ತಾರೆ, ಈಗ ಸೆಲ್ಫಿ ಬೇರೆ. ಆದರೆ ಕೆರೆ ತುಂಬುವಾಗ ಯಾರು ನೋಡೋಕೆ ಬಂದಿದ್ದರು? ಹಳ್ಳದಿಂದ, ಕಾಲುವೆಯಿಂದ, ರಾತ್ರಿಯೆಲ್ಲಾ ನೀರು ಸೇರುತ್ತಲೇ ಇತ್ತು. ಕೋಡಿಗೆ ಒಂದು ಗೇಣು ಕಡಿಮೆ ಇದ್ದಾಗಲೂ ದೂರದಿಂದ ನೋಡೋರಿಗೆ ಕೆರೆ ಸುಮ್ಮನೇ ಇದ್ದ ಹಾಗೆ ಕಾಣುತ್ತೆ. ತಮ್ಮಾ, ತಂಗೀ, ನಿನ್ನ ಜೀವನ ಸುಮ್ಮನೇ ನಿಂತಿದೆ ಅಂತ ನಿನಗೆ ಅನ್ನಿಸ್ತಿದೆಯಾ? ನೀರು ಸೇರುತ್ತಾ ಇದೆ.

ಈಗ 22ನೇ ವಚನ ನೋಡಿ. ಇದನ್ನು ಯಾವ ಬ್ಯಾನರ್ ಮೇಲೂ ನಾವು ಹಾಕಲ್ಲ. ಬ್ರೇಕ್‌ಥ್ರೂ ಆದ ಮೇಲೆ ಫಿಲಿಷ್ಟಿಯರು ಮತ್ತೆ ಬಂದರು. ಅದೇ ಕಣಿವೆಗೆ! ದಾವೀದ "ಹೋದ ಸಲ ಗೆದ್ದೆನಲ್ಲಾ" ಅಂತ ಹೋಗಲಿಲ್ಲ. ಮತ್ತೆ ದೇವರನ್ನು ವಿಚಾರಿಸಿದ. ಈ ಸಲ ಉತ್ತರ ಬೇರೆ. ನೇರವಾಗಿ ಹೋಗಬೇಡ, ಸುತ್ತಿಕೊಂಡು ಹಿಂದಿನಿಂದ ಹೋಗು, ಮರಗಳ ತುದಿಯಲ್ಲಿ ಹೆಜ್ಜೆಯ ಸಪ್ಪಳ ಕೇಳುವ ತನಕ ಕಾಯಿ. ಕೆಲಸ ಸಿಕ್ಕ ಮೇಲೂ ಕಣಿವೆ ಇದೆ. ಮದುವೆ ಆದ ಮೇಲೂ ಇದೆ, ಮದುವೆ ಆದವರು ಜೋರಾಗಿ ಆಮೆನ್ ಅನ್ನಿ! ಸಾರಾ ಕೂಡ ಬೋಸ್ಟನ್ ಆದ ಮೇಲೆ ತನ್ನ ಆಪರೇಷನ್ ಥಿಯೇಟರ್ ಕೆಲಸಕ್ಕೆ ಮರಳಿದಳು. ಅಲ್ಲಿ ಮಲಗಿರುವ ರೋಗಿಗೆ ಇವಳು ಬೋಸ್ಟನ್‌ನಲ್ಲಿ ಎರಡನೆಯವಳು ಅಂತ ಗೊತ್ತಿರಬೇಕಿಲ್ಲ. ತಾನು ಎಚ್ಚರಗೊಳ್ಳುವವರೆಗೆ ಇವಳು ಪಕ್ಕದಲ್ಲಿ ಇರ್ತಾಳಾ ಅನ್ನೋದಷ್ಟೇ ಮುಖ್ಯ.

ನಾನು ಎತ್ತದ ಫೋನ್

ಪಕ್ಕದಲ್ಲಿ ಇರ್ತಾಳಾ ಅಂದೆ. ಈಗ ನನ್ನ ತಪ್ಪೊಪ್ಪಿಗೆ.

ಕೆಲವು ವರ್ಷಗಳ ಹಿಂದೆ ನಮ್ಮ ಸಭೆಗೆ ಒಬ್ಬ ಹುಡುಗ ಬರುತ್ತಿದ್ದ. ಇಂಜಿನಿಯರಿಂಗ್ ಮುಗಿಸಿ ಒಂದೂವರೆ ವರ್ಷ ಆಗಿತ್ತು, ಕೆಲಸ ಇಲ್ಲ. ಪಿಜಿಯಲ್ಲಿ ಇದ್ದ. ಊರಲ್ಲಿ ಅಮ್ಮ ಹೊಲಿಗೆ ಕೆಲಸ ಮಾಡಿ ಬಾಡಿಗೆಗೆ ದುಡ್ಡು ಕಳಿಸ್ತಿದ್ದರು. ಒಂದು ಶುಕ್ರವಾರ ಇಡೀ ರಾತ್ರಿಯ ಪ್ರಾರ್ಥನೆ. ಆರಾಧನೆ ಜೋರಾಗಿತ್ತು, ಅಭಿಷೇಕ ಇತ್ತು, ನಾನು ಅಲ್ಲಗಳೆಯಲ್ಲ. ಅವನ ತಲೆಯ ಮೇಲೆ ಕೈಯಿಟ್ಟು ನಾನು ಹೇಳಿದೆ: "ತೊಂಬತ್ತು ದಿನದೊಳಗೆ ನಿನ್ನ ಬ್ರೇಕ್‌ಥ್ರೂ!" ಸಭೆಯೆಲ್ಲಾ ಆಮೆನ್ ಅಂದಿತು. ಅವನು ಅತ್ತ.

ಪ್ರವಾದನೆಯ ವರವನ್ನು ನಾನು ನಂಬ್ತೀನಿ, ಇವತ್ತಿಗೂ ನಂಬ್ತೀನಿ. ಆದರೆ ಆ ತೊಂಬತ್ತು ಅನ್ನೋ ಸಂಖ್ಯೆ ಪವಿತ್ರಾತ್ಮನು ಕೊಟ್ಟದ್ದಲ್ಲ. ನನ್ನ ಉತ್ಸಾಹ ಕೊಟ್ಟದ್ದು. ಅವನು ಪಿಜಿಗೆ ಹೋಗಿ ಕ್ಯಾಲೆಂಡರ್‌ನಲ್ಲಿ ಆ ತಾರೀಖಿಗೆ ಕೆಂಪು ಪೆನ್‌ನಲ್ಲಿ ಸುತ್ತು ಹಾಕಿದ. ದಿನ ದಿನ ಎಣಿಸಿದ. ತೊಂಬತ್ತನೇ ದಿನ ಬಂತು, ಹೋಯಿತು. ಸಂಜೆ ಅವನು ನನಗೆ ಫೋನ್ ಮಾಡಿದ. ಪರದೆಯ ಮೇಲೆ ಅವನ ಹೆಸರು ನೋಡಿದೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಎತ್ತಲಿಲ್ಲ. ಮತ್ತೆ ಮಾಡಿದ. ಎತ್ತಲಿಲ್ಲ.

ಅವನು ಸಭೆಗೆ ಬರುವುದನ್ನು ಬಿಟ್ಟ. ನಾನು ಏನಂದುಕೊಂಡೆ ಗೊತ್ತಾ? ವಿಶ್ವಾಸ ಕಡಿಮೆ ಹುಡುಗನಿಗೆ ಅಂತ. ಕರ್ತನು ನನ್ನನ್ನು ಕ್ಷಮಿಸಲಿ.

ಎರಡು ವರ್ಷ ಆದ ಮೇಲೆ ಯಶವಂತಪುರ ರೈಲ್ವೆ ಸ್ಟೇಷನ್‌ನಲ್ಲಿ ಸಿಕ್ಕ. ಅವನೇ ಬಂದು ಮಾತಾಡಿಸಿದ. ನಾನು ತಡವರಿಸುತ್ತಾ ಕೆಲಸದ ಬಗ್ಗೆ ಕೇಳಿದೆ. ಆಗ ಅವನು ಹೇಳಿದ: "ಪಾಸ್ಟರ್, ಕೆಲಸ ಸಿಗಲಿಲ್ಲ ಅಂತ ನನಗೆ ನಿಮ್ಮ ಮೇಲೆ ಬೇಜಾರಿಲ್ಲ. ಆ ದಿನ ನೀವು ಫೋನ್ ಎತ್ತಲಿಲ್ಲ ನೋಡಿ, ಅದು."

ಅಷ್ಟೇ. ಪ್ಲಾಟ್‌ಫಾರ್ಮ್ ಮೇಲೆ ನಾನು ಅವನ ಕೈ ಹಿಡಿದು ಕ್ಷಮೆ ಕೇಳಿದೆ.

ಇದಾದ ಮೇಲೆ ಆ ಬೋಸ್ಟನ್ ಓಟವನ್ನು ನಾನು ಮತ್ತೆ ನೋಡಿದೆ. ಈ ಸಲ ನನ್ನ ಕಣ್ಣು ನಿಂತದ್ದು ಡೆಸ್ ಲಿಂಡೆನ್ ಮೇಲೆ. ಓಟದ ಶುರುವಿನಲ್ಲೇ ಅವಳಿಗೆ ಆಗ್ತಿರಲಿಲ್ಲ. ಇವತ್ತು ನನ್ನಿಂದ ಮುಗಿಸೋಕೆ ಆಗಲ್ಲವೇನೋ ಅಂತ ಪಕ್ಕದಲ್ಲಿದ್ದ ಶಲೇನ್ ಫ್ಲಾನಗನ್‌ಗೆ ಹೇಳಿದಳು. ಹೇಗೂ ನಿಲ್ಲಬೇಕಾಗಬಹುದು, ನಿನಗೆ ಸಹಾಯ ಬೇಕಿದ್ದರೆ ಹೇಳು ಅಂದಳು. ಶಲೇನ್ ಸಾಮಾನ್ಯಳಲ್ಲ, ಅದಕ್ಕೆ ಹಿಂದಿನ ನವೆಂಬರ್‌ನಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಗೆದ್ದವಳು, ಲಿಂಡೆನ್‌ಗೆ ಎದುರಾಳಿ. ದಾರಿಯಲ್ಲಿ ಶಲೇನ್ ಶೌಚಾಲಯಕ್ಕೆ ಹೋಗಬೇಕಾಯಿತು. ಆಗ ಲಿಂಡೆನ್ ಏನು ಮಾಡಿದಳು? ವೇಗ ತಗ್ಗಿಸಿ ಕಾದಳು. ಅವಳು ಬಂದ ಮೇಲೆ ಗಾಳಿಗೆ ತಾನು ಮುಂದೆ ನಿಂತು ಗುಂಪಿನ ತನಕ ಅವಳನ್ನು ಕರೆದುಕೊಂಡು ಹೋದಳು. ಆಮೇಲೆ ಮಾಲಿ ಹಡಲ್ ಎಂಬ ಇನ್ನೊಬ್ಬಳಿಗೂ ಹಾಗೆಯೇ ಸಹಾಯ ಮಾಡಿದಳು. ಹೀಗೆ ಬೇರೆಯವರಿಗಾಗಿ ಓಡುತ್ತಾ ಓಡುತ್ತಾ ನೋಡಿದರೆ, ತಾನೇ ಮುಂದಿನವರ ಹತ್ತಿರ ಬಂದಿದ್ದಳು. ಕೊನೆಗೆ ಗೆದ್ದಳು.

ಸಭೆ ಅಂದರೆ ಏನು ಅಂತ ನನಗೆ ಅಲ್ಲಿ ತಿಳಿಯಿತು. ಓಟದಲ್ಲಿ ಇರುವವನಿಗೆ ನಾವು ತಾರೀಖು ಕೊಡಬೇಕಿಲ್ಲ. ಅವನಿಗಾಗಿ ಕಾಯಬೇಕು. ಗಾಳಿಗೆ ಅವನ ಮುಂದೆ ನಿಲ್ಲಬೇಕು. ಅವನ ಫೋನ್ ಎತ್ತಬೇಕು, ಉತ್ತರ ಗೊತ್ತಿಲ್ಲದಿದ್ದರೂ ಎತ್ತಬೇಕು. "ನನಗೂ ಗೊತ್ತಿಲ್ಲ ತಮ್ಮಾ, ಊಟ ಆಯ್ತಾ? ಮನೆಗೆ ಬಾ" ಅನ್ನಬೇಕು. ಆ ದಿನ ನಾನು ಅಷ್ಟು ಹೇಳಿದ್ದರೆ ಸಾಕಿತ್ತು.

ಆ ಹುಡುಗ ಈಗ ಒಂದು ಗೋದಾಮಿನಲ್ಲಿ ಲೆಕ್ಕ ನೋಡಿಕೊಳ್ಳುವ ಕೆಲಸದಲ್ಲಿ ಇದ್ದಾನೆ. ಅವನು ಓದಿದ್ದಕ್ಕೆ ತಕ್ಕ ಕೆಲಸ ಅಲ್ಲ. ಇನ್ನೂ ಪರೀಕ್ಷೆಗಳನ್ನು ಬರೀತಿದ್ದಾನೆ. ಆದರೆ ಈಗ ಪ್ರತಿ ಬುಧವಾರ ಸೆಲ್ ಗ್ರೂಪ್‌ಗೆ ಬರ್ತಾನೆ. ಅವನ ಒಪ್ಪಿಗೆ ಕೇಳಿಯೇ ಇದನ್ನು ಹೇಳ್ತಿದ್ದೀನಿ. ಅವನು ಒಂದೇ ಮಾತು ಸೇರಿಸಿ ಅಂದ: "ತಾರೀಖು ಬರೆದುಕೊಂಡಿರೋರು ಇದ್ದರೆ ಆ ಕ್ಯಾಲೆಂಡರ್ ಹರಿದು ಹಾಕೋಕೆ ಹೇಳಿ ಪಾಸ್ಟರ್."

ನಿಂತವರಿಗೆ ಒಂದು ಮಾತು

ಇಲ್ಲಿ ಒಂದು ಎಚ್ಚರಿಕೆ. ಅಂದು ಬೋಸ್ಟನ್‌ನಲ್ಲಿ ರಸ್ತೆ ಬಿಟ್ಟವರು ಹೇಡಿಗಳಲ್ಲ. ಆ ಚಳಿಯಲ್ಲಿ ಮೈಯ ಶಾಖ ಇಳಿದುಹೋದರೆ ಜೀವಕ್ಕೇ ಅಪಾಯ. ಅವರು ನಿಂತದ್ದು ಸರಿ. ಅವರಲ್ಲಿ ಎಷ್ಟೋ ಜನ ಮುಂದೆ ಬೇರೆ ಓಟಗಳನ್ನು ಓಡಿದ್ದಾರೆ.

ಹಾಗಾಗಿ "ಪಾಸ್ಟರ್ ಹೇಳಿದ್ದಾರೆ, ಏನಾದರೂ ನಿಲ್ಲಬಾರದು" ಅಂತ ಯಾರೂ ಮನೆಗೆ ಹೋಗಬೇಡಿ. ರಾತ್ರಿ ನಿದ್ದೆ ಬರ್ತಿಲ್ಲ, ಬದುಕೋದೇ ಬೇಡ ಅನ್ನಿಸ್ತಿದೆ ಅನ್ನುವವರು ಇಲ್ಲಿ ಇದ್ದರೆ, ದಯವಿಟ್ಟು ಕೇಳಿ. 1 ಅರಸು 19ರಲ್ಲಿ ಎಲೀಯನು ಗಿಡದ ಕೆಳಗೆ ಕೂತು ಸಾವು ಬೇಡಿದಾಗ, ದೇವರು ಅವನನ್ನು ಗದರಿಸಲಿಲ್ಲ. ನಿದ್ದೆ ಕೊಟ್ಟನು. ರೊಟ್ಟಿ, ನೀರು ಕೊಟ್ಟನು. ಮತ್ತೆ ಮಲಗಿಸಿದನು. ಮತ್ತೆ ಊಟ ಕೊಟ್ಟನು. ಆಮೇಲೆ ಮಾತಾಡಿದನು. ಡಾಕ್ಟರ್ ಹತ್ತಿರ ಹೋಗುವುದು, ಕೌನ್ಸೆಲಿಂಗ್‌ಗೆ ಹೋಗುವುದು ಅವಿಶ್ವಾಸ ಅಲ್ಲ. ಸಾರಾ ಕೂಡ ಮುರಿದ ಮೂಳೆಯ ಮೇಲೆ ಓಡಲಿಲ್ಲ, ವಾಸಿಯಾದ ಮೇಲೆ ಓಡಿದಳು. ಆರಾಧನೆ ಮುಗಿದ ಮೇಲೆ ನನ್ನ ಹತ್ತಿರ, ಇಲ್ಲಾ ಪಾಸ್ಟರಮ್ಮನ ಹತ್ತಿರ ಬನ್ನಿ. ನಾವು ಜೊತೆಗೆ ಬರ್ತೀವಿ.

ಇನ್ನೊಂದು ಮಾತು. ನಿಲ್ಲದೆ ಓಡಿದ ಎಲ್ಲರಿಗೂ ಎರಡನೇ ಸ್ಥಾನ ಸಿಗಲ್ಲ. ಅಂದು ಸಾವಿರಾರು ಜನ ಆ ಮಳೆಯಲ್ಲಿ ಓಡಿ ಮುಗಿಸಿದರು, ಅವರ ಹೆಸರು ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ನಾನು ನಿಮಗೆ 75,000 ಡಾಲರ್ ಭರವಸೆ ಕೊಡ್ತಿಲ್ಲ. ನಾನು ಹೇಳುವುದು ಇಷ್ಟೇ: ಕರ್ತನಿಗಾಗಿ ನೀನು ನಂಬಿಗಸ್ತನಾಗಿ ಇಟ್ಟ ಹೆಜ್ಜೆ ಒಂದೂ ಆತನ ಲೆಕ್ಕದಿಂದ ಬಿಟ್ಟುಹೋಗಲ್ಲ. ಗುರಿಯ ಹತ್ತಿರ ಯೇಸು ನಿಂತಿದ್ದಾನೆ. ಆತನು ದಾರಿಯಲ್ಲಿಯೂ ಇದ್ದಾನೆ.

ಈ ವಾರ

ಮೂರು ಕೆಲಸ ಹೇಳಿ ಮುಗಿಸ್ತೀನಿ. ಕೀಬೋರ್ಡ್ ನುಡಿಸೋ ತಮ್ಮ ಮೇಲೆ ಬರಲಿ.

ಒಂದು. ದೇವರ ಮೇಲೆ ನೀವು ಹಾಕಿರುವ ಗಡುವು ಯಾವುದಾದರೂ ಇದ್ದರೆ, ಇವತ್ತು ರಾತ್ರಿ ಅದನ್ನು ಅಳಿಸಿ. ಬೇಡಿಕೆ ಅಳಿಸಬೇಡಿ, ತಾರೀಖು ಅಳಿಸಿ.

ಎರಡು. ಒಂದು ಸಣ್ಣ ನಡೆ ಹಿಡಿಯಿರಿ. ನಾಳೆ ಬೆಳಿಗ್ಗೆ ಹದಿನೈದು ನಿಮಿಷ ವಾಕ್ಯ, ಪ್ರಾರ್ಥನೆ. ಅದಾದ ಮೇಲೆ ನಿಮ್ಮ ಓದು, ನಿಮ್ಮ ಕೆಲಸ. ಮೆಟ್ರೋದಲ್ಲಿ ನಿಂತುಕೊಂಡಾದರೂ ಪರವಾಗಿಲ್ಲ. ದೊಡ್ಡ ಹರಕೆ ಬೇಡ. ಬಿಸಿಲಿದ್ದರೂ ಮಳೆ ಬಂದರೂ ಅದೇ ನಡೆ.

ಮೂರು. ಫೋನ್ ತೆಗೆಯಿರಿ. ಕೊನೆಯ ಬಾರಿ ನೀವು ಎತ್ತದೇ ಬಿಟ್ಟ ಕರೆ ಯಾರದು? ಎಷ್ಟೋ ದಿನದಿಂದ ಸಭೆಗೆ ಬರದೆ ಇರುವ ಗೆಳೆಯ ಯಾರು? ಇವತ್ತೇ ಕರೆ ಮಾಡಿ. "ಯಾಕೆ ಬರ್ತಿಲ್ಲ" ಅಂತ ಕೇಳಬೇಡಿ. "ಹೇಗಿದ್ದೀಯಾ" ಅಂತ ಕೇಳಿ, ಆಮೇಲೆ ಸುಮ್ಮನಿದ್ದು ಕೇಳಿಸಿಕೊಳ್ಳಿ. ಅವರ ಜೊತೆ ಓಡೋಕೆ ನೀವು ಸ್ವಲ್ಪ ನಿಧಾನ ಆದರೂ ನಷ್ಟ ಇಲ್ಲ.

ಎಲ್ಲರೂ ಎದ್ದು ನಿಲ್ಲಿ. ಕಣ್ಣು ಮುಚ್ಚಿ. ಯಾರಿಗೆ ದಣಿವಾಗಿದೆಯೋ ಅವರು ಇದ್ದಲ್ಲೇ ಕೈ ಎತ್ತಿ, ಮುಂದೆ ಬರಬೇಕಿಲ್ಲ. ಪಕ್ಕದಲ್ಲಿ ಇರುವವರು, ಅವರ ಹೆಗಲ ಮೇಲೆ ಮೆಲ್ಲಗೆ ಕೈಯಿಡಿ.

ಪ್ರಾರ್ಥಿಸೋಣ.

ಪರಲೋಕದ ತಂದೆಯೇ, ನಿನಗೆ ಸ್ತೋತ್ರ. ಯಾರೂ ನೋಡದ ಹೊತ್ತಿನಲ್ಲಿ ನಮ್ಮನ್ನು ನೋಡುವವನು ನೀನು. ಈ ಮಕ್ಕಳು ದಣಿದಿದ್ದಾರೆ ಅಪ್ಪಾ. ಕೆಲವರು ಎಣಿಸಿ ಎಣಿಸಿ ಸೋತಿದ್ದಾರೆ. ನಿನ್ನ ಹೆಸರಿನಲ್ಲಿ ನಾವು ಕೊಟ್ಟ ಸುಳ್ಳು ತಾರೀಖುಗಳಿಗಾಗಿ, ನಾವು ಎತ್ತದ ಕರೆಗಳಿಗಾಗಿ ನಮ್ಮನ್ನು ಕ್ಷಮಿಸು. ಮುರಿದದ್ದನ್ನು ವಾಸಿಮಾಡು. ನಾಳೆ ಬೆಳಿಗ್ಗೆ ಏಳುವ ಬಲ ಕೊಡು, ನಾಡಿದ್ದಿಗೂ ಕೊಡು. ಕೋಡಿ ಬೀಳುವ ದಿನ ನಿನ್ನ ಕೈಯಲ್ಲಿದೆ, ಅಲ್ಲಿಯವರೆಗೆ ತುಂಬುತ್ತಾ ಇರುವ ತಾಳ್ಮೆ ಕೊಡು. ಒಬ್ಬರಿಗಾಗಿ ಒಬ್ಬರು ಕಾಯುವ ಸಭೆಯಾಗಿ ನಮ್ಮನ್ನು ಕಟ್ಟು. ನಮ್ಮ ಮುಂದೆ ಓಡಿ, ನಮಗಾಗಿ ತಿರುಗಿ ಬರುವ ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ.

ಆಮೆನ್. ಆಮೆನ್.

ಹೋಗೋ ಮುಂಚೆ ಚಹಾ ಕುಡಿದು ಹೋಗಿ. ಒಬ್ಬರೇ ನಿಂತಿರೋರು ಯಾರಾದರೂ ಕಂಡರೆ, ಅವರ ಜೊತೆ ನಿಂತು ಕುಡಿಯಿರಿ.